ವಿಂಡೋಸ್ ಡೆವಲಪರ್‌ಗಳಿಗೆ ನಮ್ಮ ಟೂಲ್‌ಕಿಟ್ ಕಟ್ಟಿ ಕೊಡೋದು ಹೇಗೆ? ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ, ಬಳ್ಳಾರಿಯಿಂದ

ಎಲ್ಲರಿಗೂ ನಮಸ್ಕಾರ. ನಾವು ಬಳ್ಳಾರಿಯ ಕೆಲವು ಗೆಳೆಯರು ಸೇರಿ ಜಿಟಿಕೆ 4ರ (ಕಿಟಕಿ, ಗುಂಡಿ ಇರುವ ಪ್ರೋಗ್ರಾಂ ಬರೆಯಲು ಬಳಸುವ ಲೈಬ್ರರಿ) ಮೇಲೆ ಒಂದು ಪುಟ್ಟ ಓಪನ್ ಸೋರ್ಸ್ ಟೂಲ್‌ಕಿಟ್ ಬರೆದಿದ್ದೇವೆ. ತೂಕದ ಚೀಟಿ, ಕೂಲಿ ಲೆಕ್ಕ, ಬಿಲ್ಲು ಇಂಥ ಪರದೆಗಳನ್ನು ಕನ್ನಡದಲ್ಲೇ ಬೇಗ ಮಾಡಿಕೊಳ್ಳಲು ಬೇಕಾದ ವಿಜೆಟ್‌ಗಳು (ಗುಂಡಿ, ಪಟ್ಟಿ, ಬರೆಯುವ ಪೆಟ್ಟಿಗೆಯಂಥ ಪರದೆಯ ಭಾಗಗಳು) ಅದರಲ್ಲಿವೆ. ಭಾಷೆ ಸಿ, ಲೈಸೆನ್ಸ್ ಎಲ್‌ಜಿಪಿಎಲ್. ಉಬುಂಟುವಿನಲ್ಲಿ ಯಾವ ತಕರಾರೂ ಇಲ್ಲ. ಆದರೆ ಇಲ್ಲಿನ ಜೀನ್ಸ್ ಘಟಕಗಳಿಗೆ, ಗಂಗಾವತಿಯ ರೈಸ್ ಮಿಲ್ಲುಗಳಿಗೆ, ರಾಯಚೂರಿನ ಅಡತಿ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವರೆಲ್ಲ ವಿಂಡೋಸ್‌ನವರು. ಜಿಪ್ ಕಳಿಸಿದರೆ "ಡಿಎಲ್ಎಲ್ ಸಿಗ್ತಿಲ್ಲ" ಅಂತ ಫೋನ್ ಬರುತ್ತೆ (ಡಿಎಲ್ಎಲ್ ಅಂದರೆ ಪ್ರೋಗ್ರಾಂ ಓಡುವಾಗ ಎಳೆದುಕೊಳ್ಳುವ ವಿಂಡೋಸ್ ಲೈಬ್ರರಿ ಫೈಲ್). ದಾಖಲೆ ಅಂತ ಇರೋದು ಒಂದು ರೀಡ್‌ಮಿ ಅಷ್ಟೇ. ಹೇಗೆ ಕಟ್ಟಿ ಕೊಡಬೇಕು, ಏನೇನು ಬರೆದಿಡಬೇಕು?

ರಾಯಚೂರಿನಿಂದ

ಪ್ಯಾಕೇಜ್ ಮಾಡೋರು ಒಬ್ಬರು, ದಾಖಲೆ ಬರೆಯೋರು ಇನ್ನೊಬ್ಬರು ಅಂತ ಕೆಲಸ ಹಂಚಿಕೊಳ್ಳಬೇಡ್ರಿ. ಇದನ್ನು ಮೊದಲೇ ಹೇಳ್ತೀನಿ, ಯಾಕಂದ್ರೆ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ದಾಖಲೆಯ ಮೊದಲ ಪುಟದಲ್ಲಿ ಏನು ಬರೆದಿದ್ದೀರೋ ಅದು ನಿಮ್ಮ ಜಿಪ್‌ನಿಂದಲೇ, ಬೇರೆ ಯಾವ ಸಾಮಾನೂ ಇಲ್ಲದ ಕಂಪ್ಯೂಟರಿನಲ್ಲಿ, ಬರೆದ ಹಾಗೇ ಓಡಬೇಕು. ಓಡಿದರೆ ಹೊಸಬರು ಎರಡನೇ ಪುಟಕ್ಕೆ ಬರ್ತಾರೆ. ಓಡದಿದ್ದರೆ ಸಂಜೆಯೊಳಗೆ ಮೈಕ್ರೋಸಾಫ್ಟ್‌ನ ವಿನ್‌ಫಾರ್ಮ್ಸ್ ಟೂಲ್‌ಕಿಟ್‌ಗೆ ವಾಪಸ್ ಹೋಗ್ತಾರೆ, ಮತ್ತೆ ಕರೆತರೋದು ಬಹಳ ಕಷ್ಟ.

ಲಿನಕ್ಸ್‌ನಲ್ಲಿ ಡಿಸ್ಟ್ರೊದವರು (ಉಬುಂಟುವಿನಂಥವನ್ನು ಹೊರತರುವವರು) ಜಿಟಿಕೆಯನ್ನು ಕಟ್ಟಿ ಇಟ್ಟಿರ್ತಾರೆ, ಅದಕ್ಕೇ ನಿಮಗೆ ಅಲ್ಲಿ ಏನೂ ಕಾಣಲ್ಲ. ವಿಂಡೋಸ್‌ಗೆ ಜಿಟಿಕೆ ತಂಡ ತಾನೇ ಇನ್‌ಸ್ಟಾಲರ್ ಕೊಡುವುದಿಲ್ಲ. ಎಂಎಸ್‌ವೈಎಸ್2 ಬಳಸಿ, ಇಲ್ಲವೇ ಜಿವಿಎಸ್‌ಬಿಲ್ಡ್ ಬಳಸಿ ಅಂತ ದಾರಿ ತೋರಿಸುತ್ತೆ. ಎರಡೂ ವಿಂಡೋಸ್‌ನಲ್ಲಿ ಜಿಟಿಕೆ ತಂದುಕೊಳ್ಳೋ ಸಲಕರಣೆಗಳು. ಮೊದಲನೆಯದರಲ್ಲಿ ಜಿಸಿಸಿ ಕಂಪೈಲರ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ), ಎರಡನೆಯದರಲ್ಲಿ ವಿಷುವಲ್ ಸ್ಟುಡಿಯೊ ಕಂಪೈಲರ್. ನಿಮ್ಮ ಬಳಕೆದಾರರು ಯಾವುದರವರು ಅಂತ ಕೇಳಿ ತಿಳ್ಕೊಳ್ರಿ. ಇಬ್ಬರೂ ಇದ್ದರೆ ಎರಡು ಜಿಪ್ ಬೇಕು, ಹೆಸರಿನಲ್ಲೇ ಯಾವುದು ಯಾರಿಗೆ ಅಂತ ಗೊತ್ತಾಗಬೇಕು. ಡಬ್ಲ್ಯೂಎಕ್ಸ್‌ವಿಜೆಟ್ಸ್ ಅನ್ನೋ ಇನ್ನೊಂದು ಟೂಲ್‌ಕಿಟ್‌ನ ಬಳಗ ವಿಂಡೋಸ್‌ಗೆ ಸಿದ್ಧ ಡಿಎಲ್ಎಲ್‌ಗಳನ್ನು ಕಂಪೈಲರ್‌ವಾರು ಬೇರೆ ಬೇರೆಯಾಗಿ ಕೊಡುತ್ತೆ. ಆ ಪದ್ಧತಿ ನನಗೆ ಬಹಳ ಒಪ್ಪಿಗೆ, ನೀವೂ ಒಮ್ಮೆ ನೋಡ್ರಿ.

ನಿಮ್ಮದು ಸಿ ಆಗಿರೋದು ದೊಡ್ಡ ಅನುಕೂಲ. ಸಿ++ ಆಗಿದ್ದರೆ ಒಂದು ಕಂಪೈಲರ್‌ನ ಡಿಎಲ್ಎಲ್ ಇನ್ನೊಂದಕ್ಕೆ ಸೇರುತ್ತಲೇ ಇರಲಿಲ್ಲ. ಹಾಗಂತ ಸಿ ಪೂರ್ತಿ ನಿಶ್ಚಿಂತೆ ಅಲ್ಲ. ನಿಮ್ಮ ಡಿಎಲ್ಎಲ್ ಪಡೆದ ಮೆಮೊರಿಯನ್ನು ಬಳಕೆದಾರರ ಪ್ರೋಗ್ರಾಂ ತನ್ನ ರನ್‌ಟೈಮ್‌ನ (ಪ್ರೋಗ್ರಾಂ ಓಡಲು ಬೇಕಾದ ಮೂಲ ಲೈಬ್ರರಿಯ) ಫ್ರೀ ಫಂಕ್ಷನ್ ಕರೆದು ಬಿಟ್ಟುಕೊಟ್ಟರೆ, ಎರಡೂ ಕಡೆ ಸಿ ರನ್‌ಟೈಮ್ ಬೇರೆ ಇದ್ದಾಗ ಕ್ರ್ಯಾಶ್ ಆಗುತ್ತೆ. ಎಂಎಸ್‌ವೈಎಸ್2ನ ಹಳೆಯ ಮಿಂಗ್‌ಡಬ್ಲ್ಯೂ64 ಪರಿಸರ ಎಂಎಸ್‌ವಿಸಿಆರ್‌ಟಿ ಅನ್ನೋ ಹಳೆಯ ರನ್‌ಟೈಮ್ ಮೇಲೆ ನಿಂತದ್ದು. ಯುಸಿಆರ್‌ಟಿ64 ಪರಿಸರ ವಿಷುವಲ್ ಸ್ಟುಡಿಯೊ 2015ರಿಂದ ಬಳಸುತ್ತಿರುವ ಯುಸಿಆರ್‌ಟಿ ರನ್‌ಟೈಮ್‌ನದ್ದು. ಯುಸಿಆರ್‌ಟಿ64 ತಗೊಳ್ರಿ. ಆದರೂ ವಿಷುವಲ್ ಸ್ಟುಡಿಯೊದ ಡೀಬಗ್ ಬಿಲ್ಡ್‌ಗೆ (ತಪ್ಪು ಹುಡುಕಲು ಕಟ್ಟುವ ಆವೃತ್ತಿಗೆ) ಬೇರೆಯದೇ ಡೀಬಗ್ ರನ್‌ಟೈಮ್ ಇರುತ್ತೆ. ಹಾಗಾಗಿ ನಿಮ್ಮ ಲೈಬ್ರರಿ ಕೊಟ್ಟ ಪ್ರತಿಯೊಂದಕ್ಕೂ ಮೆಮೊರಿ ಬಿಟ್ಟುಕೊಡುವ ನಿಮ್ಮದೇ ಫಂಕ್ಷನ್ ಇರಲಿ, ಆ ಫಂಕ್ಷನ್ ಯಾವುದು ಅಂತ ದಾಖಲೆಯಲ್ಲಿ ಪ್ರತಿ ಸಲವೂ ಬರೆಯಿರಿ. "ಒಮ್ಮೆ ಮೇಲೆ ಹೇಳಿದ್ದೀವಲ್ಲ" ಅಂತ ಬಿಡಬೇಡಿ. ಜನ ಒಂದು ಫಂಕ್ಷನ್ ಹುಡುಕಿ ನೇರ ಆ ಪುಟಕ್ಕೇ ಬಂದಿರ್ತಾರೆ.

ಈಗ ಆ ಫೋನ್ ಕರೆಯ ವಿಷಯ. ಎಂಎಸ್‌ವೈಎಸ್2 ಟರ್ಮಿನಲ್‌ನಲ್ಲಿ ಎಲ್‌ಡಿಡಿ ಅನ್ನೋ ಕಮಾಂಡ್ ಓಡಿಸಿದರೆ ನಿಮ್ಮ ಎಕ್ಸಿಇ (ಪ್ರೋಗ್ರಾಂ ಫೈಲ್) ಯಾವ ಯಾವ ಡಿಎಲ್ಎಲ್ ಎಳೆದುಕೊಳ್ಳುತ್ತೆ ಅನ್ನೋ ಪಟ್ಟಿ ಬರುತ್ತೆ. ಅದರಲ್ಲಿ ವಿಂಡೋಸ್ ಫೋಲ್ಡರ್‌ನವನ್ನು ಬಿಟ್ಟು ಉಳಿದದ್ದನ್ನು ನಕಲು ಮಾಡಿ. ಬಹಳ ಮಂದಿ ಇಲ್ಲಿಗೇ ನಿಲ್ಲಿಸ್ತಾರೆ. ಡಿಎಲ್ಎಲ್ ಅಲ್ಲದ ಸಾಮಾನು ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಜಿಸೆಟ್ಟಿಂಗ್ಸ್‌ನ (ಸೆಟ್ಟಿಂಗ್‌ಗಳನ್ನು ಇಡುವ ವ್ಯವಸ್ಥೆಯ) ಕಂಪೈಲ್ ಮಾಡಿದ ಸ್ಕೀಮಾ ಫೈಲ್ ಇಲ್ಲದಿದ್ದರೆ ಪ್ರೋಗ್ರಾಂ ಶುರುವಾಗಿ ಚೆಂದಾಗೇ ಕಾಣುತ್ತೆ, ಜಿಟಿಕೆಯ ಫೈಲ್ ಆಯ್ಕೆ ಕಿಟಕಿ ತೆರೆದ ಕ್ಷಣ ಮುಚ್ಚಿಕೊಳ್ಳುತ್ತೆ. ಚಿತ್ರ ಓದುವ ಜಿಡಿಕೆ-ಪಿಕ್ಸ್‌ಬಫ್ ಲೋಡರ್‌ಗಳು ಮತ್ತು ಅವುಗಳ ಕ್ಯಾಶ್ ಫೈಲ್ ಬೇಕು. ಐಕಾನ್ ಥೀಮ್ ಬೇಕು. ನಿಮ್ಮ ಕನ್ನಡ ಅನುವಾದದ ಲೊಕೇಲ್ ಫೋಲ್ಡರ್ ಬೇಕು. ಬೇರೆ ಪ್ರೋಗ್ರಾಂ ಕರೆಯುವ ಕೆಲಸ ಇದ್ದರೆ ಜಿಲಿಬ್‌ನ (ಜಿಟಿಕೆಯ ಅಡಿಪಾಯದ ಲೈಬ್ರರಿಯ) ಜಿಸ್ಪಾನ್ ಸಹಾಯಕ ಎಕ್ಸಿಇಗಳೂ ಬೇಕು.

ಇವನ್ನೆಲ್ಲ ಎಲ್ಲಿ ಇಡಬೇಕು ಅನ್ನೋದಕ್ಕೂ ಒಂದು ನಿಯಮ ಇದೆ. ವಿಂಡೋಸ್‌ನಲ್ಲಿ ಜಿಲಿಬ್ ತನ್ನ ಡಿಎಲ್ಎಲ್ ಯಾವ ಫೋಲ್ಡರಿನಲ್ಲಿ ಕೂತಿದೆ ಅಂತ ನೋಡಿಕೊಳ್ಳುತ್ತೆ. ಆ ಫೋಲ್ಡರಿನ ಹೆಸರು ಬಿನ್ ಅಥವಾ ಲಿಬ್ ಆಗಿದ್ದರೆ ಒಂದು ಹೆಜ್ಜೆ ಮೇಲಿನದನ್ನು ಬುಡ ಅಂತ ಹಿಡಿಯುತ್ತೆ, ಇಲ್ಲದಿದ್ದರೆ ಅದೇ ಫೋಲ್ಡರನ್ನು ಬುಡ ಅನ್ನುತ್ತೆ. ಉಳಿದ ಸಾಮಾನನ್ನು ಅಲ್ಲಿಂದ ಹುಡುಕುತ್ತೆ. ಹಾಗಾಗಿ ಬಿನ್, ಲಿಬ್, ಶೇರ್ ಮೂರನ್ನೂ ಅಕ್ಕಪಕ್ಕ ಇಟ್ಟು, ಡಿಎಲ್ಎಲ್‌ಗಳನ್ನು ಬಿನ್ ಒಳಗೇ ಇಡಿ. ಈ ಒಂದು ಸಂಗತಿ ದಾಖಲೆಯಲ್ಲಿದ್ದರೆ ನಿಮ್ಮ ಅರ್ಧ ಫೋನ್ ಕರೆ ನಿಲ್ಲುತ್ತೆ. ಯಾಕಂದ್ರೆ ನಿಮ್ಮ ಟೂಲ್‌ಕಿಟ್ ಬಳಸಿದ ಡೆವಲಪರ್ ತನ್ನ ಗಿರಾಕಿಗೆ ಕೊಡುವಾಗ ಇದೇ ಕೆಲಸವನ್ನು ಮತ್ತೆ ಮಾಡಬೇಕು. ನೀವು ಕೊಡೋದು ಅಂತಿಮ ಸಾಫ್ಟ್‌ವೇರ್ ಅಲ್ಲ, ಇನ್ನೊಬ್ಬರು ಮತ್ತೆ ಪ್ಯಾಕ್ ಮಾಡಿ ಕಳಿಸುವಂಥದ್ದು. ಆ ನಕಲು ಕೆಲಸಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಜಿಪ್ ಒಳಗೇ ಇಟ್ಟುಬಿಡಿ. ಕ್ಯೂಟಿ ಟೂಲ್‌ಕಿಟ್‌ನವರು ವಿನ್‌ಡಿಪ್ಲಾಯ್‌ಕ್ಯೂಟಿ ಅಂತ ಕೊಡೋದು ಇದಕ್ಕೇ.

ಡಿಎಲ್ಎಲ್‌ಗಳನ್ನು ವಿಂಡೋಸ್‌ನ ಸಿಸ್ಟಂ32 ಫೋಲ್ಡರ್ ಒಳಗೆ ಹಾಕಿ ಅಂತ ಮಾತ್ರ ಎಲ್ಲೂ ಬರೆಯಬೇಡಿ. ಒಂದೇ ಹೆಸರಿನ ಬೇರೆ ಆವೃತ್ತಿ ಇನ್ನೊಂದು ಸಾಫ್ಟ್‌ವೇರ್ ಜೊತೆ ಬಂದ ದಿನ ಎರಡೂ ಕೆಡುತ್ತವೆ.

ಪರೀಕ್ಷೆಗೆ ಗಿಟ್‌ಹಬ್ ಆಕ್ಷನ್ಸ್‌ನ (ಕೋಡನ್ನು ತಾನೇ ಕಟ್ಟಿ ಪರೀಕ್ಷಿಸುವ ಆನ್‌ಲೈನ್ ಸೇವೆಯ) ವಿಂಡೋಸ್ ಯಂತ್ರ ಕಟ್ಟೋದಕ್ಕೆ ಒಳ್ಳೆಯದು, ಆದರೆ ಅದು ಖಾಲಿ ಯಂತ್ರ ಅಲ್ಲ. ಅದರಲ್ಲಿ ವಿಷುವಲ್ ಸ್ಟುಡಿಯೊ, ಎಂಎಸ್‌ವೈಎಸ್2 ಎಲ್ಲ ಮೊದಲೇ ಇರುತ್ತವೆ, ಅಲ್ಲಿ ಓಡಿದ್ದು ಅಂಗಡಿಯಲ್ಲಿ ಓಡುತ್ತೆ ಅನ್ನೋ ಖಾತ್ರಿ ಇಲ್ಲ. ಯಾರ ಬಳಿಯಾದರೂ ವಿಂಡೋಸ್ ಪ್ರೊ ಇದ್ದರೆ ವಿಂಡೋಸ್ ಸ್ಯಾಂಡ್‌ಬಾಕ್ಸ್ (ವಿಂಡೋಸ್ ಒಳಗೇ ತೆರೆಯುವ ತಾತ್ಕಾಲಿಕ ಖಾಲಿ ವಿಂಡೋಸ್) ಬಳಸಿ. ಮುಚ್ಚಿ ತೆರೆದಾಗಲೆಲ್ಲ ಹೊಸದಾಗಿ ಬರುತ್ತೆ, ಇಂಟರ್ನೆಟ್ ಕೂಡ ಬಂದ್ ಮಾಡಬಹುದು. ಹೋಮ್ ಆವೃತ್ತಿಯಲ್ಲಿ ಅದು ಇಲ್ಲ, ಅಲ್ಲಿ ವರ್ಚುವಲ್‌ಬಾಕ್ಸ್ ಹಾಕಿಕೊಳ್ಳಬೇಕು.

ಗಂಗಾವತಿಯಿಂದ

ಅಣ್ಣಾರ, ನಾನು ಮಿಲ್ಲುಗಳಿಗೆ ತೂಕದ ಕಾಟಾ ಸಾಫ್ಟ್‌ವೇರ್ ಬರೆದು ಕೊಡಾಂವ, ಅಂದ್ರ ನಿಮ್ಮ ಗಿರಾಕಿ ನಾನೇ. ನಮಗ ಏನ್ ಬೇಕು ಅಂತ ಹೇಳ್ತೀನಿ.

ಕಾಟಾ ರೂಮಿನ ಕಂಪ್ಯೂಟರಿಗೆ ನೆಟ್ ಇರಂಗಿಲ್ಲ. ಪೆನ್‌ಡ್ರೈವ್‌ನ್ಯಾಗ ತಗೊಂಡು ಹೋಗಿ ಹಾಕಬೇಕು. "ಇನ್‌ಸ್ಟಾಲ್ ಆಗುವಾಗ ಉಳಿದದ್ದನ್ನ ಡೌನ್‌ಲೋಡ್ ಮಾಡ್ಕೊಳ್ತದ" ಅನ್ನೋ ಪ್ಯಾಕೇಜ್ ನಮಗ ಉಪಯೋಗ ಇಲ್ಲ. ವಿಷುವಲ್ ಸಿ++ ರನ್‌ಟೈಮ್ ಬೇಕಿದ್ರ ಅದನ್ನೂ ಜೊತೀಗೆ ಇಡ್ರಿ, ಇಲ್ಲಾ ಬೇಕು ಅಂತ ಮೊದಲನೇ ಸಾಲಿನ್ಯಾಗ ಬರೀರಿ.

ಯಾವ ವಿಂಡೋಸ್ ಅನ್ನೋದು ಇನ್ನೊಂದು. ವಿಂಡೋಸ್ 7ಕ್ಕ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಗೇ ನಿಂತದ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕ ನಿಂತು ಹೋತು. ಆದ್ರ ಕಾಟಾ ರೂಮಿನ್ಯಾಗ ಹಳೇ ಮಿಷನ್ ಇನ್ನೂ ಓಡ್ತಾವ. ಎಂಎಸ್‌ವೈಎಸ್2 ಈಗ ವಿಂಡೋಸ್ 10ಕ್ಕಿಂತ ಹಿಂದಿನದ್ದಕ್ಕ ಬೆಂಬಲ ಕೊಡಂಗಿಲ್ಲ. ನೀವು ಹಳೇದಕ್ಕ ಕೊಡಬೇಕು ಅಂತ ನಾನು ಕೇಳಂಗಿಲ್ಲ, ಅಷ್ಟು ಕೆಲಸ ಹೊತ್ಕೊಂಡು ನೀವು ಸೋತು ಬಿಟ್ಟುಬಿಟ್ರ ನಮಗೇ ನಷ್ಟ. ಆದ್ರ "ವಿಂಡೋಸ್ 10, 64 ಬಿಟ್, ಅದಕ್ಕಿಂತ ಕೆಳಗ ಓಡಂಗಿಲ್ಲ" ಅಂತ ಡೌನ್‌ಲೋಡ್ ಗುಂಡಿ ಪಕ್ಕದಾಗೇ ಬರೀರಿ. ಮಿಲ್ಲಿಗೆ ಹೋಗಿ ಕುಂತ ಮ್ಯಾಲೆ ಗೊತ್ತಾದ್ರ ಮಾಲಕರ ಮುಂದ ನಮ್ಮ ಮಾತು ಹೋಗ್ತದ.

ಲೈಸೆನ್ಸ್ ಬಗ್ಗೆ ನನ್ನಂಥವರಿಗೆ ಭಾಳ ಅಂಜಿಕಿ ಅದ, ಅದನ್ನ ನೀವೇ ಬಿಡಿಸಿ ಬರೀಬೇಕು. ರೊಕ್ಕಕ್ಕ ಮಾರೋ ಸಾಫ್ಟ್‌ವೇರಿನ್ಯಾಗ ಎಲ್‌ಜಿಪಿಎಲ್ ಲೈಬ್ರರಿ ಬಳಸಬಹುದು, ನನ್ನ ಕೋಡ್ ತೆರೆದು ತೋರಿಸಬೇಕಿಲ್ಲ. ಡಿಎಲ್ಎಲ್ ಆಗಿ ಬ್ಯಾರೆ ಇಟ್ರ, ಗಿರಾಕಿ ಅದನ್ನ ಬದಲು ಮಾಡ್ಕೊಳ್ಳಾಕ ಬರ್ತದ. ಲೈಸೆನ್ಸ್ ಪ್ರತಿ ಜೊತೀಗೆ ಇಡಬೇಕು, ಲೈಬ್ರರಿಯ ಸೋರ್ಸ್ ಎಲ್ಲಿ ಸಿಗ್ತದ ಅಂತ ಹೇಳಬೇಕು. ಇದನ್ನ ಅರ್ಧ ಪುಟದಾಗ ಕನ್ನಡದಾಗ ಬರೀರಿ. ಎಂಎಸ್‌ವೈಎಸ್2ದಾಗ ಎಲ್ಲಾ ಲೈಬ್ರರಿ ಲೈಸೆನ್ಸ್ ಶೇರ್ ಫೋಲ್ಡರಿನ ಒಳಗ ಲೈಸೆನ್ಸಸ್ ಅಂತ ಇರ್ತಾವ, ಅದನ್ನ ಪೂರ್ತಿ ಜಿಪ್ಪಿಗೆ ಹಾಕ್ರಿ.

ಬಳ್ಳಾರಿಯಿಂದ, ಕಾಲೇಜು ಲ್ಯಾಬ್ ನೋಡಿಕೊಳ್ಳುವವರು

ರಾಯಚೂರಿನ ಸರ್ ಹೇಳಿದ ಮೊದಲ ಮಾತು ಪೂರ್ತಿ ಒಪ್ಪುತ್ತೇನೆ. ಅದನ್ನು ನಿಭಾಯಿಸೋಕೆ ಒಂದೇ ಉಪಾಯ: ದಾಖಲೆಯಲ್ಲಿರುವ ಉದಾಹರಣೆ ಕೋಡನ್ನು ಪುಟದಲ್ಲಿ ಕೈಯಿಂದ ಬರೆಯಬೇಡಿ. ಬೇರೆ ಫೈಲಿನಲ್ಲಿಟ್ಟು, ಪ್ರತಿ ಬಿಡುಗಡೆಯಲ್ಲಿ ಕಂಪೈಲ್ ಆಗುವಂತೆ ಮಾಡಿ, ಅಲ್ಲಿಂದ ಪುಟಕ್ಕೆ ಎಳೆದುಕೊಳ್ಳಿ. ಉದಾಹರಣೆ ಕೆಟ್ಟರೆ ಬಿಡುಗಡೆಯೇ ನಿಲ್ಲಬೇಕು.

ಎರಡನೆಯದು, ತಪ್ಪು ಸಂದೇಶಗಳ ಪುಟ. ವಿಂಡೋಸ್ ತೋರಿಸುವ ಸಂದೇಶವನ್ನು ಅದು ಬರುವ ಇಂಗ್ಲಿಷಿನಲ್ಲೇ ತಲೆಬರಹ ಮಾಡಿ, ಕೆಳಗೆ ಕಾರಣ ಮತ್ತು ಪರಿಹಾರ ಕನ್ನಡದಲ್ಲಿ ಬರೆಯಿರಿ. ಹುಡುಗರು ಸಂದೇಶವನ್ನು ನಕಲು ಮಾಡಿ ಹುಡುಕುತ್ತಾರೆ, ಅನುವಾದಿಸಿದ ಸಂದೇಶ ಸಿಗುವುದಿಲ್ಲ. ನಿಮಗೆ ಬಂದ ಒಂದೊಂದು ಫೋನ್ ಕರೆಯೂ ಆ ಪುಟದ ಒಂದು ಭಾಗ ಆಗಲಿ. ನನ್ನ ಪ್ರಕಾರ ದಾಖಲೆಯಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವ ಪುಟ ಅದೇ, ಎಲ್ಲಕ್ಕಿಂತ ಮೊದಲು ಅದನ್ನು ಬರೆಯಿರಿ.

ಫಂಕ್ಷನ್‌ಗಳ ವಿವರಕ್ಕೆ ಜಿಟಿಕೆ 4 ಬಳಸುವ ಜಿಐ-ಡಾಕ್‌ಜೆನ್ (ಕೋಡಿನ ಟಿಪ್ಪಣಿಯಿಂದ ದಾಖಲೆ ಪುಟ ಮಾಡುವ ಸಾಧನ) ಸಾಕು, ಎಚ್‌ಟಿಎಂಎಲ್ ಪುಟಗಳನ್ನು ಜಿಪ್ ಒಳಗೇ ಇಡಬಹುದು. ಹಳಬರು ಸಿಎಚ್‌ಎಂ ಫೈಲ್ (ವಿಂಡೋಸ್‌ನ ಹಳೆಯ ಬಗೆಯ ಸಹಾಯ ಫೈಲ್) ಕೇಳುತ್ತಾರೆ, ಆದರೆ ಡೌನ್‌ಲೋಡ್ ಮಾಡಿದ ಸಿಎಚ್‌ಎಂ ಅನ್ನು ವಿಂಡೋಸ್ ತಡೆಹಿಡಿದು ಖಾಲಿ ಪುಟ ತೋರಿಸುತ್ತೆ. ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಒತ್ತಬೇಕು. ಅದರ ಬದಲು ಎಚ್‌ಟಿಎಂಎಲ್ ಮೇಲು. ಇನ್ನೊಂದು ಸಂಗತಿ, ಜಿಟಿಕೆ ಪದ್ಧತಿಯಲ್ಲಿ ವಿವರಣೆ ಸಿ ಫೈಲಿನಲ್ಲಿರುತ್ತೆ. ವಿಷುವಲ್ ಸ್ಟುಡಿಯೊ ಬಳಸುವವರ ಕೈಗೆ ಬರುವುದು ಹೆಡರ್ (ಫಂಕ್ಷನ್‌ಗಳ ಹೆಸರು ಪಟ್ಟಿ ಇರುವ ಫೈಲ್) ಮಾತ್ರ, ಮೌಸ್ ಇಟ್ಟಾಗ ಏನೂ ಕಾಣುವುದಿಲ್ಲ. ಮುಖ್ಯ ಫಂಕ್ಷನ್‌ಗಳಿಗಾದರೂ ಹೆಡರ್‌ನಲ್ಲಿ ಒಂದು ಸಾಲು ಟಿಪ್ಪಣಿ ಹಾಕಿ. ಲೈಬ್ರರಿ ಎಲ್ಲಿದೆ ಅಂತ ಬಿಲ್ಡ್ ಸಲಕರಣೆಗೆ ತಿಳಿಸುವ ಪಿಕೆಜಿ-ಕಾನ್ಫಿಗ್ ಫೈಲ್ ಜೊತೆಗೆ ಸಿಮೇಕ್ ಕಾನ್ಫಿಗ್ ಫೈಲೂ ಇರಲಿ.

ಪರದೆಯ ಚಿತ್ರಗಳನ್ನು ವಿಂಡೋಸ್‌ನಲ್ಲೇ ತೆಗೆಯಿರಿ. ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳಿಗೆ ಅಡ್ಮಿನ್ ಪಾಸ್‌ವರ್ಡ್ ಇರುವುದಿಲ್ಲ, ಜಿಪ್ ಬಿಚ್ಚಿದರೆ ಓಡಬೇಕು.

ಕೇಳಿದವರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಹಾಗಾದರೆ ಇನ್‌ಸ್ಟಾಲರ್ ಬೇಡವೇ ಬೇಡವಾ? ಮತ್ತೆ "ವಿಂಡೋಸ್ ನಿಮ್ಮ ಪಿಸಿಯನ್ನು ರಕ್ಷಿಸಿದೆ" ಅನ್ನೋ ನೀಲಿ ಕಿಟಕಿಗೆ ಏನು ಮಾಡೋದು?

ರಾಯಚೂರಿನಿಂದ, ಮತ್ತೆ

ಜಿಪ್ ಮೊದಲು. ಇನ್‌ಸ್ಟಾಲರ್ ಬೇಕು ಅನ್ನಿಸಿದರೆ ಇನ್ನೊ ಸೆಟಪ್ (Inno Setup) ಅನ್ನೋ ಸಾಧನ ಸಾಕು, ಅಡ್ಮಿನ್ ಹಕ್ಕು ಕೇಳದೆ ಬಳಕೆದಾರರ ಫೋಲ್ಡರಿಗೇ ಹಾಕುವಂತೆ ಅದರಲ್ಲಿ ಹೇಳಬಹುದು. ನೀಲಿ ಕಿಟಕಿ ಸ್ಮಾರ್ಟ್‌ಸ್ಕ್ರೀನ್‌ನದ್ದು. ಡಿಜಿಟಲ್ ಸಹಿ ಇಲ್ಲದ, ಹೆಚ್ಚು ಮಂದಿ ಇಳಿಸಿಕೊಳ್ಳದ ಫೈಲಿಗೆ ಅದು ಬರುತ್ತೆ. ಕೋಡ್ ಸೈನಿಂಗ್ ಸರ್ಟಿಫಿಕೇಟ್ ಕೊಳ್ಳೋದು ಖರ್ಚಿನ ಕೆಲಸ, 2023ರ ಜೂನ್‌ನಿಂದ ಅದರ ಖಾಸಗಿ ಕೀಲಿ ಹಾರ್ಡ್‌ವೇರ್ ಸಾಧನದಲ್ಲೇ ಇರಬೇಕು ಅನ್ನೋ ನಿಯಮವೂ ಬಂದಿದೆ. ಓಪನ್ ಸೋರ್ಸ್ ಯೋಜನೆಗಳಿಗೆ ಸೈನ್‌ಪಾತ್ ಫೌಂಡೇಶನ್ ಉಚಿತವಾಗಿ ಸಹಿ ಹಾಕಿಕೊಡುತ್ತೆ, ಅರ್ಜಿ ಹಾಕ್ರಿ. ಅಲ್ಲಿವರೆಗೆ ಎಸ್‌ಎಚ್‌ಎ-256 ಮೊತ್ತ (ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡುವ ಗುರುತು) ಪ್ರಕಟಿಸಿ, ವಿಂಡೋಸ್‌ನ ಸರ್ಟ್‌ಯುಟಿಲ್‌ನಿಂದ ಅದನ್ನು ತಾಳೆ ನೋಡೋದು ಹೇಗೆ ಅಂತ ಬರೆದಿಡಿ. ಮುಂದೆ ಮೈಕ್ರೋಸಾಫ್ಟ್‌ನ ವಿಂಗೆಟ್ ಪ್ಯಾಕೇಜ್ ಪಟ್ಟಿಗೆ ಸೇರಿಸುವಾಗಲೂ ಆ ಮೊತ್ತ ಬೇಕೇ ಬೇಕು. "ಆಂಟಿವೈರಸ್ ಬಂದ್ ಮಾಡಿ" ಅಂತ ಮಾತ್ರ ದಾಖಲೆಯಲ್ಲಿ ಬರೆಯಬೇಡಿ, ದಯವಿಟ್ಟು.

ಕೊಪ್ಪಳದಿಂದ

ಎಲ್ಲಾರೂ ಚಲೋ ಹೇಳ್ಯಾರ. ಕನ್ನಡದ ಒಂದು ಪರೀಕ್ಷೆ ಉಳದೈತಿ. ವಿಂಡೋಸ್‌ನ್ಯಾಗ ಲೋಕಲ್ ಖಾತೆಯನ್ನ ಕನ್ನಡ ಹೆಸರಿನ್ಯಾಗ ಮಾಡಿದ್ರ ಯೂಸರ್ ಫೋಲ್ಡರಿನ ಹೆಸರೂ ಕನ್ನಡದಾಗ ಬರತೈತಿ. ಕನ್ನಡಕ್ಕ ವಿಂಡೋಸ್‌ನ ಹಳೇ ಆನ್ಸಿ ಕೋಡ್ ಪೇಜ್ (ಅಕ್ಷರಗಳ ಸಂಕೇತ ಪಟ್ಟಿ) ಇಲ್ಲವೇ ಇಲ್ಲ, ಯೂನಿಕೋಡ್ ಒಂದೇ. ಹಂಗಾಗಿ ಫೈಲ್ ತೆರೆಯೋ ಸಾದಾ ಎಫ್‌ಓಪನ್ ಫಂಕ್ಷನ್ ಬಳಸಿದಲ್ಲಿ ಆ ದಾರಿ ಸಿಗಂಗಿಲ್ಲ, ಅಕ್ಷರ ಹೋಗಿ ಪ್ರಶ್ನಾರ್ಥಕ ಚಿಹ್ನೆ ಆಗತಾವ. ಜಿಲಿಬ್‌ನ ಜಿ-ಎಫ್‌ಓಪನ್ ಯೂನಿಕೋಡಿನ ಯುಟಿಎಫ್-8 ತಗೋತೈತಿ, ಎಲ್ಲಾ ಕಡೆ ಅದನ್ನೇ ಹಾಕ್ರಿ. ಜಿಪ್ಪನ್ನ ಕನ್ನಡ ಹೆಸರಿನ, ನಡುವ ಜಾಗ ಇರೋ ಫೋಲ್ಡರಿನ್ಯಾಗ ಬಿಚ್ಚಿ ಓಡಿಸಿ ನೋಡಿದ ಮ್ಯಾಲೇ ಬಿಡುಗಡೆ ಮಾಡ್ರಿ.

ಫಾಂಟ್ ವಿಂಡೋಸ್ 8ರಿಂದ ನಿರ್ಮಲ ಯುಐ ಐತಿ. ತುಂಗಾ ಅಂತ ಕೋಡಿನ್ಯಾಗ ಗಟ್ಟಿ ಬರದಿದ್ರ ತಗೀರಿ, ವಿಂಡೋಸ್ 10ರಾಗ ಅದು ಬೇಕಾದವರು ಹಾಕ್ಕೊಳ್ಳೋ ಹೆಚ್ಚುವರಿ ಫಾಂಟ್. ಒತ್ತಕ್ಷರ, ಅರ್ಕಾವತ್ತು, ಕರ್ಸರ್ ಓಡಾಟ, ಬ್ಯಾಕ್‌ಸ್ಪೇಸ್ ಒತ್ತಿದ್ರ ಎಷ್ಟು ಅಳಿಸತೈತಿ ಇವನ್ನ ನುಡಿ, ಬರಹ, ವಿಂಡೋಸ್‌ನ ಸ್ವಂತ ಕೀಲಿಮಣೆ ಮೂರರಾಗೂ ಟೈಪ್ ಮಾಡಿ ನೋಡಬೇಕು. ನನ್ನ ಲ್ಯಾಪ್‌ಟಾಪಿನ್ಯಾಗ ಮೂರೂ ಅದಾವ, ಖಾತೆ ಹೆಸರೂ ಕನ್ನಡದಾಗೇ ಐತಿ. ಮೊದಲ ಜಿಪ್ ಆದ ಕೂಡಲೆ ಇಲ್ಲೇ ಕೊಂಡಿ ಹಾಕ್ರಿ, ಓಡಿಸಿ ಏನೇನು ಕೆಡತೈತಿ ಅಂತ ಪಟ್ಟಿ ಮಾಡಿ ಕೊಡತೀನಿ.