ಜಾನಕಿ ಅಂತ ಇಟ್ಟರೆ ಎಂತ ಆಗ್ತದೆ?

ಎಲ್ಲರಿಗೂ ನಮಸ್ಕಾರ, ಬದಿಯಡ್ಕದ ದೊಡ್ಡಮ್ಮ ಮಾತಾಡುವುದು. ಅಷ್ಟು ಸಣ್ಣ ಅಕ್ಷರದಲ್ಲಿ ಟೈಪ್ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ, ವಾಯ್ಸಿನಲ್ಲೇ ಹೇಳ್ತೇನೆ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಕೇಳಿ.

ಮಗುವಿಗೆ ಅಜ್ಜಿಯ ಹೆಸರು, ಜಾನಕಿ ಅಂತ ಇಡುವ ಅಂತ ನಮ್ಮ ಮನೆಯವರ ಗ್ರೂಪಿನಲ್ಲಿ ಭಾವ ಬರೆದದ್ದು ನೋಡಿ ನನಗೆ ತುಂಬ ಖುಷಿ ಆಯ್ತು. ಅದರ ಕೆಳಗೆ ಅತ್ತಿಗೆ, ಸೀತೆಯ ಹೆಸರು ಬೇಡ, ಅವಳ ಹಾಗೆ ಕಷ್ಟ ಬರ್ತದೆ ಅಂತ ಹಾಕಿದ್ದೀರಿ. ಬೇಸರ ಮಾಡಬೇಡಿ ಅತ್ತಿಗೆ, ಇದೊಂದು ಮಾತು ನಾನು ಒಪ್ಪುವುದಿಲ್ಲ. ಜಾನಕಿ ಅಂದರೆ ಜನಕನ ಮಗಳು. ಆ ಹೆಸರಿನಲ್ಲಿ ಕಾಡೂ ಇಲ್ಲ, ಬೆಂಕಿಯೂ ಇಲ್ಲ. ತವರು ಉಂಟು.

ಮತ್ತೆ, ನಮ್ಮ ಪುಟ್ಟ ಒಂದು ಫಾರ್ವರ್ಡ್ ಹಾಕಿದ್ದಾನೆ. ಫೋಟೊ ಗಾಯಕಿ ಎಸ್. ಜಾನಕಿಯವರದ್ದು, ಅಡಿಯಲ್ಲಿ ಬರೆದದ್ದು ಕಬ್ಬಿನ ವಿಜ್ಞಾನಿಯ ಕಥೆ. ಮಗೂ, ಅವರಿಬ್ಬರೂ ಬೇರೆ ಬೇರೆ. ಹಾಡುವ ಜಾನಕಿಯಮ್ಮ 1938ರಲ್ಲಿ ಆಂಧ್ರದ ಗುಂಟೂರು ಕಡೆ ಹುಟ್ಟಿದವರು. ಮನೆಮಾತು ತೆಲುಗು, ಆದರೆ ಅವರ ಕನ್ನಡ ಕೇಳಿದರೆ ಯಾರಾದರೂ ಹಾಗೆ ಹೇಳಲಿಕ್ಕುಂಟಾ? ಮಲಯಾಳದವರೂ ತಮ್ಮವರೇ ಅಂತ ತಿಳಿದುಕೊಂಡಿದ್ದಾರೆ.

ಕಬ್ಬಿನ ಜಾನಕಿ ಅಮ್ಮಾಳ್ ನಮಗೆ ಹತ್ತಿರದವರು. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಕಣ್ಣೂರು ದಾಟಿ ತಲಶ್ಶೇರಿ ಸಿಗ್ತದಲ್ಲ, ಅಲ್ಲಿ 1897ರಲ್ಲಿ ಹುಟ್ಟಿದ್ದು. ತೀಯ ಸಮುದಾಯದ ಮನೆ, ತುಂಬ ಮಕ್ಕಳು. ಆ ಕಾಲದಲ್ಲಿ ಮದುವೆ ಬಿಟ್ಟು ಅಮೆರಿಕದ ಮಿಶಿಗನ್‌ಗೆ ಹೋಗಿ 1931ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಕೊನೆಯವರೆಗೂ ಮದುವೆಯಾಗಲಿಲ್ಲ. ಕೊಯಮತ್ತೂರಿನ ಕಬ್ಬಿನ ತಳಿ ಕೇಂದ್ರದಲ್ಲಿ ಕೂತು, ಕಬ್ಬನ್ನು ಜೋಳ, ಕಾಡುಹುಲ್ಲು ಇಂಥವುಗಳ ಜೊತೆ ಸಂಕರ ಮಾಡಿ ಅವುಗಳ ವರ್ಣತಂತುಗಳನ್ನು, ಅಂದರೆ ಜೀವಕೋಶದೊಳಗೆ ವಂಶದ ಗುಣ ಹೊರುವ ಎಳೆಗಳನ್ನು, ಸೂಕ್ಷ್ಮದರ್ಶಕದಲ್ಲಿ ಎಣಿಸ್ತಿದ್ದರು. ಯಾವುದನ್ನು ಯಾವುದಕ್ಕೆ ಕೂಡಿಸಿದರೆ ನಮ್ಮ ಮಣ್ಣಿಗೆ ಒಗ್ಗುವ ಕಬ್ಬು ಬರ್ತದೆ ಅಂತ ತಿಳಿಯಲಿಕ್ಕೆ ಆ ಲೆಕ್ಕ ಬೇಕು. ಅಲ್ಲಿ ಒಂಟಿ ಹೆಂಗಸು, ಜಾತಿಯಲ್ಲಿ ಕೆಳಗೆ ಅಂತ ಅವರು ಅನುಭವಿಸಿದ್ದು ಕಡಿಮೆ ಅಲ್ಲ. ಆಮೇಲೆ ಇಂಗ್ಲೆಂಡಿಗೆ ಹೋದರು. ಬೆಳೆ ಗಿಡಗಳ ವರ್ಣತಂತುಗಳ ಬಗ್ಗೆ ಅಲ್ಲಿಯ ವಿಜ್ಞಾನಿ ಡಾರ್ಲಿಂಗ್ಟನ್ ಅವರ ಜೊತೆ ಸೇರಿ ದೊಡ್ಡ ಗ್ರಂಥ ತಂದದ್ದು 1945ರಲ್ಲಿ. ಅಲ್ಲಿಯ ಒಂದು ಬಿಳಿ ಮ್ಯಾಗ್ನೋಲಿಯಾ, ನಮ್ಮ ಸಂಪಿಗೆಯ ಬಳಗದ ಹೂ, ಅದಕ್ಕೆ ಇವರದ್ದೇ ಹೆಸರು. ನೆಹರೂ ಕರೆದ ಮೇಲೆ ತಿರುಗಿ ಬಂದು ದೇಶದ ಸಸ್ಯ ಸರ್ವೇಕ್ಷಣೆ ಸಂಸ್ಥೆಯನ್ನು ಹೊಸದಾಗಿ ಸಂಘಟಿಸಿದರು. ಎಂಬತ್ತರ ಪ್ರಾಯದಲ್ಲಿ ಪಾಲಕ್ಕಾಡಿನ ಸೈಲೆಂಟ್ ವ್ಯಾಲಿ ಕಾಡು ಅಣೆಕಟ್ಟಿನ ನೀರಲ್ಲಿ ಮುಳುಗಬಾರದು ಅಂತ ನಿಂತವರು. ಅಂದರೆ ಈ ಜಾನಕಿಯನ್ನು ಕಾಡಿಗೆ ಯಾರೂ ಕಳಿಸಲಿಲ್ಲ, ಅವರೇ ಕಾಡಿನ ಪರ ಹೋದರು.

ನಮ್ಮ ಲೇಖಕಿ ವೈದೇಹಿಯವರ ಮದುವೆಯ ನಂತರದ ಹೆಸರೂ ಜಾನಕಿಯೇ, ಜಾನಕಿ ಶ್ರೀನಿವಾಸಮೂರ್ತಿ. ಅವರು ಅಚ್ಚು ಹಾಕುವುದು ಬೇಡ ಅಂದ ಒಂದು ಕಥೆಗೆ ಪತ್ರಿಕೆಯವರು ವೈದೇಹಿ ಅಂತ ಹೆಸರು ಹಾಕಿದರಂತೆ. ಹೆಸರು ಮುಚ್ಚಲಿಕ್ಕೆ ಹೋಗಿ ಮತ್ತೂ ಸೀತೆಯ ಹೆಸರೇ ಬಂತು ನೋಡಿ! ಕುಂದಾಪುರದ ಅಡುಗೆಮನೆಯ ಮಾತಿನಲ್ಲಿ ಬರೆದು 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಎಂಜಿಆರ್ ಅವರ ಹೆಂಡತಿ ಜಾನಕಿ 1988ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಆದದ್ದು ಭಾವನಿಗೆ ನೆನಪಿರಬಹುದು, ಒಂದು ತಿಂಗಳು ತುಂಬಲಿಲ್ಲ ಅಷ್ಟೆ.

ಇನ್ನೊಂದು ನಮ್ಮ ಊರಿನ ಕಾರಣ. ಇಲ್ಲಿ ಕೇರಳದ ಕಚೇರಿಯಲ್ಲಿ ಮಲಯಾಳದಲ್ಲಿ ಬರೆಯುವಾಗ ನಮ್ಮ ಮಕ್ಕಳ ಹೆಸರು ಏನೇನೋ ಆಗ್ತದೆ, ತಿದ್ದಿಸಲಿಕ್ಕೆ ನಾನೇ ಮೂರು ಸಲ ಹೋಗಿದ್ದೇನೆ. ಜಾನಕಿ ಕನ್ನಡ, ಮಲಯಾಳ, ತುಳು ಎಲ್ಲದರಲ್ಲೂ ಜಾನಕಿಯೇ.

ಅಜ್ಜಿ ಶಾಲೆಗೆ ಹೋದದ್ದು ಎರಡೇ ವರ್ಷ. ಆದರೂ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲಿಲ್ಲ, ಜಾನಕಿ ಅಂತ ಕನ್ನಡದಲ್ಲಿ ನಿಧಾನಕ್ಕೆ ಬರೆದೇ ಬರ್ತಿದ್ದರು. ಅತ್ತಿಗೆ, ಆ ಹಳೆಯ ರೇಷನ್ ಕಾರ್ಡ್ ನಿಮ್ಮ ಪೆಟ್ಟಿಗೆಯಲ್ಲೇ ಉಂಟು. ತೊಟ್ಟಿಲಿಗೆ ಹಾಕುವ ದಿನ ಅದನ್ನು ತನ್ನಿ, ಆಯ್ತಾ?