ವಿಜಯನಗರದಲ್ಲಿ ಮನೆ, 10 ತಿಂಗಳ ಅಡ್ವಾನ್ಸ್ ಕೇಳ್ತಿದಾರೆ

ದಾವಣಗೆರೆಯಿಂದ ಬೆಂಗಳೂರಿಗೆ ಬರ್ತಿದೀವಿ, ವಿಜಯನಗರ ಮೆಟ್ರೋ ಹತ್ರ 2 ಬಿಎಚ್‌ಕೆ ಇಷ್ಟ ಆಯ್ತು, ಬಾಡಿಗೆ 22 ಸಾವಿರ, ಆದ್ರೆ 10 ತಿಂಗಳ ಅಡ್ವಾನ್ಸ್ ಒಟ್ಟಿಗೆ ಹೊಂದಿಸೋದು ತುಂಬಾ ಕಷ್ಟ. ಅಗ್ರಿಮೆಂಟ್ ಯಾಕೆ ಬರೀ 11 ತಿಂಗಳಿಗೆ?

— ಚೌಕಾಸಿ ಮಾಡಿ ಸರ್, ನಮಗೆ 5ಕ್ಕೆ ಒಪ್ಪಿದ್ರು. ವರ್ಷ ಮೀರಿದ್ರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೇ 11.

— ಮೊದ್ಲು ನೀರು ನೋಡಿ. ಕಾವೇರಿ ಕನೆಕ್ಷನ್ ಇದೆಯಾ, ಬರೀ ಬೋರ್‌ವೆಲ್ಲಾ ಕೇಳಿ. 2024ರ ಬೇಸಿಗೇಲಿ ನಮ್ ಬಿಲ್ಡಿಂಗ್ ಬೋರ್ ಬತ್ತಿಹೋಗಿ ಅಮ್ಮ ಬೆಳಗ್ಗೆ 5ಕ್ಕೇ ಬಿಂದಿಗೆ ಹಿಡ್ಕೊಂಡು ಟ್ಯಾಂಕರ್ ಕಾಯ್ತಿದ್ರು, ನೋಡೋಕೆ ಸಂಕಟ ಆಗ್ತಿತ್ತು. ನಲ್ಲಿ ಬಾಯಲ್ಲಿ ಬಿಳಿ ಪೊರೆ ಕಟ್ಟಿದ್ರೆ ಗಡಸು ನೀರು.

— ಖಾಲಿ ಮಾಡುವಾಗ ಪೇಂಟಿಂಗ್ ಅಂತ 1 ತಿಂಗಳ ಬಾಡಿಗೆ ಹಿಡ್ಕೋತಾರೆ, ಎಷ್ಟು ಅಂತ ಅಗ್ರಿಮೆಂಟಲ್ಲೇ ಬರೆಸಿ, ಬಂದ ದಿನವೇ ಗೋಡೆ, ಬಾಗಿಲು ಫೋಟೋ ತೆಗೆದಿಟ್ಕೊಳ್ಳಿ.