ಏಳು ಮುಗಿಯಿತು, ಎಂಟಕ್ಕೆ ಯಾವ ಶಾಲೆ, ಯಾವ ಭಾಷೆ? ಅನುಭವ ಇದ್ದವರು ಹೇಳಿ

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸುತ್ತಿದ್ದಾಳೆ, ಒಂದರಿಂದಲೂ ಕನ್ನಡ ಮಾಧ್ಯಮ. ಮುಂದಕ್ಕೆ ಎರಡು ದಾರಿಗಳಿವೆ. ಮೂರು ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆ: ಕನ್ನಡ ಮಾಧ್ಯಮ, ಪ್ರಥಮ ಭಾಷೆ ಕನ್ನಡ, ದ್ವಿತೀಯ ಇಂಗ್ಲಿಷ್, ತೃತೀಯ ಹಿಂದಿ. ಇಲ್ಲವೇ ಪೇಟೆಯ ಅನುದಾನಿತ ಶಾಲೆ: ಎಂಟರಿಂದ ಇಂಗ್ಲಿಷ್ ಮಾಧ್ಯಮದ ವಿಭಾಗವಿದೆ, ಪ್ರಥಮ ಭಾಷೆಗೆ ಸಂಸ್ಕೃತವನ್ನೂ ತೆಗೆದುಕೊಳ್ಳಬಹುದು. ಇವರಿಗೆ ಪೇಟೆಯೇ ಆಗಬೇಕು. ಅತ್ತೆಗೆ ಬಸ್ಸಿನ ಚಿಂತೆ. ಮಗಳನ್ನು ಕೇಳಿದರೆ ಗೆಳತಿ ಹೋದಲ್ಲಿಗೆ ಹೋಗುತ್ತೇನೆ ಎನ್ನುತ್ತಾಳೆ. ಮಕ್ಕಳನ್ನು ಈ ದಾರಿಯಲ್ಲಿ ದಾಟಿಸಿದವರು ದಯವಿಟ್ಟು ತಿಳಿಸಿ.

ಪ್ರೌಢಶಾಲೆಯ ಗಣಿತ ಶಿಕ್ಷಕ, ಶಿವಮೊಗ್ಗ ಜಿಲ್ಲೆ

ತಂಗಿ, ಎಂಟಕ್ಕೆ ಮಾಧ್ಯಮ ಬದಲಿಸಿದ ಮಕ್ಕಳನ್ನು ಹತ್ತೊಂಬತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಅದು ಆಗದ ಕೆಲಸವಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗು ಮೂಕವಾಗುತ್ತದೆ, ಅದಕ್ಕೆ ಮನೆಯವರು ತಯಾರಿರಬೇಕು. ಒಬ್ಬ ಹುಡುಗ ನೆನಪಾಗುತ್ತಾನೆ. ಕನ್ನಡ ಶಾಲೆಯಲ್ಲಿ ಲ.ಸಾ.ಅ., ಮ.ಸಾ.ಅ. ಲೆಕ್ಕಗಳನ್ನು ನೀರು ಕುಡಿದಂತೆ ಮಾಡುತ್ತಿದ್ದವನು. ನನ್ನ ತರಗತಿಯಲ್ಲಿ ಮೊದಲ ಕಿರುಪರೀಕ್ಷೆಯಲ್ಲಿ ಹಾಳೆ ಖಾಲಿ ಬಿಟ್ಟ. ಹತ್ತಿರ ಕರೆದು ಅದೇ ಪ್ರಶ್ನೆಯನ್ನು ‘ಸಂಕ್ಷೇಪಿಸಿ’ ಎಂದು ಕನ್ನಡದಲ್ಲಿ ಹೇಳಿದೆ. ನಿಂತಲ್ಲೇ ಕರಿಹಲಗೆಯ ಮೇಲೆ ಮಾಡಿ ತೋರಿಸಿ, ಬಳಿಕ ನನ್ನನ್ನೇ ದುರುಗುಟ್ಟಿ ನೋಡಿದ, ‘ಇಷ್ಟೇಯಾ?’ ಎಂಬಂತೆ. ಅವನಿಗೆ ಬಾರದೆ ಹೋದದ್ದು ಗಣಿತವಲ್ಲ, ‘ಸಿಂಪ್ಲಿಫೈ’ ಎಂಬ ಒಂದು ಪದ.

ಅವನಿಗೆ ಇನ್ನೂರು ಪುಟದ ನೋಟ್‌ಬುಕ್ಕಿನ ನಡುವೆ ಗೆರೆ ಎಳೆಸಿದೆ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ. ವಕ್ರೀಭವನಕ್ಕೆ ರಿಫ್ರಾಕ್ಷನ್, ವೇಗೋತ್ಕರ್ಷಕ್ಕೆ ಆಕ್ಸಲರೇಷನ್. ದಿನಕ್ಕೆ ಐದು ಪದ, ಹೆಚ್ಚು ಬೇಡ. ದೀಪಾವಳಿ ರಜೆಯ ಹೊತ್ತಿಗೆ ಅರ್ಧ ಪುಸ್ತಕ ತುಂಬಿತ್ತು, ಹುಡುಗನ ಬಾಯಿಯೂ ಬಂದಿತ್ತು.

ಇದೇ ಪುಸ್ತಕವನ್ನು ಕನ್ನಡ ಮಾಧ್ಯಮದಲ್ಲಿ ಇದ್ದುಕೊಂಡೂ ಬರೆಸಬಹುದು, ಅದನ್ನು ಯಾರೂ ಹೇಳುವುದಿಲ್ಲ. ಪಿಯುಸಿ ವಿಜ್ಞಾನಕ್ಕೆ ಹೋದಾಗ ಪಾಠ ಇಂಗ್ಲಿಷಿನಲ್ಲಿರುತ್ತದೆ, ಆ ಏಟು ತಪ್ಪಿದ್ದಲ್ಲ. ಅದನ್ನು ಹದಿಮೂರಕ್ಕೆ ತಿನ್ನಬೇಕೇ, ಹದಿನಾರಕ್ಕೆ ತಿನ್ನಬೇಕೇ ಎಂಬುದಷ್ಟೇ ಪ್ರಶ್ನೆ. ಪರಿಕಲ್ಪನೆ ಗಟ್ಟಿಯಾಗಿರುವ ಮಗು ಹದಿನಾರಕ್ಕೆ ಸುಲಭವಾಗಿ ತಡೆದುಕೊಳ್ಳುತ್ತದೆ ಎಂಬುದು ನಾನು ಕಂಡದ್ದು. ಅರೆಬರೆ ಇದ್ದ ಮಕ್ಕಳು ಎರಡೂ ಕಡೆ ಒದ್ದಾಡಿದ್ದಾರೆ. ಆದ್ದರಿಂದ ಮಾಧ್ಯಮ ಯಾವುದು ಎಂದು ಕೇಳುವ ಮೊದಲು ಆ ಎರಡೂ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸುವವರು ಯಾರು, ಕಾಯಂ ಶಿಕ್ಷಕರಿದ್ದಾರೆಯೇ, ಹುದ್ದೆ ಖಾಲಿ ಇದ್ದು ಅತಿಥಿ ಶಿಕ್ಷಕರು ಬರುತ್ತಾರೆಯೇ ಎಂದು ಕೇಳಿ. ಅತಿಥಿ ಶಿಕ್ಷಕರಲ್ಲಿ ಒಳ್ಳೆಯವರಿಲ್ಲ ಎಂದಲ್ಲ. ಅವರ ನೇಮಕವಾಗುವಷ್ಟರಲ್ಲಿ ಎಷ್ಟೋ ಸಲ ಮೊದಲ ಪಾಠಗಳ ಕಾಲ ದಾಟಿರುತ್ತದೆ.

ಬೆಂಗಳೂರಿನಲ್ಲಿರುವ ಎಂಜಿನಿಯರ್, ಊರು ಹೊಸನಗರದ ಕಡೆ

ಅಕ್ಕಾ, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಹೋದ ಒಂದು ವಿಷಯ ಹೇಳುತ್ತೇನೆ. ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲು ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು: ಒಂದಕ್ಕೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಇನ್ನೊಂದಕ್ಕೆ ಕನ್ನಡ ಮಾಧ್ಯಮದಲ್ಲಿ. ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ, ಮನೆ ಇರುವ ಜಾಗವಲ್ಲ.

ನನ್ನನ್ನು ಎಂಟಕ್ಕೆ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರು. ಅಪ್ಪ ಅಡಿಕೆ ಮಾರಿದ ಹಣದಲ್ಲಿ ಶುಲ್ಕ ಕಟ್ಟಿದರು, ಅದಕ್ಕೆ ನನ್ನ ತಕರಾರಿಲ್ಲ. ಸಿಇಟಿಯ ದಾಖಲೆ ಪರಿಶೀಲನೆಗೆ ಹೋದಾಗ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇದ್ದ ವ್ಯಾಸಂಗ ಪ್ರಮಾಣಪತ್ರ ಕೊಟ್ಟೆ. ಮೇಜಿನ ಆಚೆ ಇದ್ದವರು ಬೆರಳಿಟ್ಟು ವರ್ಷಗಳನ್ನು ಎಣಿಸಿದರು. ಏಳಕ್ಕೆ ಬೆರಳು ನಿಂತಿತು. ಕೆಸರಿನಲ್ಲಿ ನಡೆದು ಹೋದ ಆ ಏಳು ವರ್ಷಗಳು ಎರಡು ಕಲಮುಗಳಲ್ಲೂ ಸೊನ್ನೆಯಾದವು. ನನ್ನ ಜೊತೆ ಏಳರವರೆಗೆ ಓದಿ ಊರಿನಲ್ಲೇ ಹತ್ತು ಮುಗಿಸಿದವನೊಬ್ಬ ನನಗಿಂತ ಹಿಂದಿನ ರ‍್ಯಾಂಕಿನಲ್ಲಿ, ನಾನು ಬಯಸಿದ್ದ ಕಾಲೇಜಿಗೇ ಹೋದ. ಅವನ ಮೇಲೆ ಸಿಟ್ಟಿಲ್ಲ, ಆ ಸೀಟು ಅವನ ಹಕ್ಕೇ. ನಮಗೆ ಮೊದಲೇ ಹೇಳುವವರು ಒಬ್ಬರೂ ಇರಲಿಲ್ಲವಲ್ಲ ಎಂಬ ಬೇಸರ ಮಾತ್ರ ಇದೆ.

ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗಳಿವೆ. ಆ ಪೇಟೆಯ ಶಾಲೆ ಪುರಸಭೆಯ ವ್ಯಾಪ್ತಿಯಲ್ಲಿದೆಯೇ, ಗ್ರಾಮ ಪಂಚಾಯಿತಿಯಲ್ಲಿದೆಯೇ ಎಂದು ಕೇಳಿಕೊಳ್ಳಿ. ಊರಂಚಿನ ಶಾಲೆಗಳಲ್ಲಿ ಕೆಲವೊಮ್ಮೆ ಆಶ್ಚರ್ಯ ಕಾದಿರುತ್ತದೆ.

ಇಬ್ಬರು ಮಕ್ಕಳ ತಾಯಿ, ಮೈಸೂರು

ಸಂಸ್ಕೃತದ ಬಗ್ಗೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ ನೂರು, ಒಟ್ಟು 625. ಸಂಸ್ಕೃತದಲ್ಲಿ 125ಕ್ಕೆ 125 ತೆಗೆಯುವ ಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಅವಕಾಶ ಇರುವುದರಿಂದ ಭಾಷೆ ಬಾರದೆಯೂ ಅಂಕ ಬರುತ್ತದೆ. ನನ್ನ ದೊಡ್ಡ ಮಗ ಹಾಗೆಯೇ ತೆಗೆದ. ಇವತ್ತು ಅವನನ್ನು ಒಂದು ಸುಭಾಷಿತ ಹೇಳು ಎಂದರೆ ಫೋನ್ ನೋಡುತ್ತಾನೆ.

ಎರಡನೆಯವಳು ಹಟ ಹಿಡಿದು ಪ್ರಥಮ ಭಾಷೆ ಕನ್ನಡ ತೆಗೆದುಕೊಂಡಳು. ಹಳಗನ್ನಡ, ಷಟ್ಪದಿ, ಛಂದಸ್ಸು ಎಲ್ಲವೂ ಇತ್ತು. ರಾತ್ರಿ ಅಡುಗೆಮನೆಯ ಬಾಗಿಲಿಗೆ ಒರಗಿ ‘ಯಮಾತಾರಾಜಭಾನಸಲಗಂ’ ಎನ್ನುತ್ತಾ ಬೆರಳು ಮಡಿಸಿ ಗಣ ವಿಂಗಡಿಸುತ್ತಿದ್ದಳು, ನಾನು ಒಗ್ಗರಣೆ ಹಾಕುತ್ತಾ ಅಲ್ಲಿ ಗುರು ಬಿಟ್ಟೆ ಎನ್ನುತ್ತಿದ್ದೆ. ಅವಳಿಗೆ 125ಕ್ಕೆ 117 ಬಂತು. ಎಂಟು ಅಂಕ ಹೋಯಿತು ಎಂದು ಇವರು ಒಂದು ವಾರ ಕೊರಗಿದರು. ಸಿಇಟಿ ರ‍್ಯಾಂಕಿಗೆ ಎಸ್ಸೆಸ್ಸೆಲ್ಸಿ ಅಂಕ ಸೇರುವುದೇ ಇಲ್ಲ. ಪಿಯು ಕಾಲೇಜಿನ ಪ್ರವೇಶಕ್ಕೆ ಮಾತ್ರ ಅದರ ಬೆಲೆ, ಅದೂ ನೂಕುನುಗ್ಗಲಿನ ಕಾಲೇಜುಗಳಲ್ಲಿ. ಸಂಸ್ಕೃತವನ್ನು ಪ್ರೀತಿಯಿಂದ ಕಲಿಯುವ ಮಗುವಾದರೆ ಖಂಡಿತ ಕೊಡಿಸಿ. ಬರೀ ಅಂಕಕ್ಕಾಗಿ ಎಂದರೆ ನನಗೆ ಮನಸ್ಸು ಬಾರದು.

ಅಂಚೆ ಇಲಾಖೆಯವನು

ಮೇಲಿನ ಅಮ್ಮನವರ ಮಾತಿಗೆ ಚಿಕ್ಕದೊಂದು ತಿದ್ದುಪಡಿ. ಗ್ರಾಮೀಣ ಡಾಕ್ ಸೇವಕ ಹುದ್ದೆಗೆ ಪರೀಕ್ಷೆಯಿಲ್ಲ, ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಆಯ್ಕೆ. ಅಲ್ಲಿ ಒಂದೊಂದು ಅಂಕವೂ ಎಣಿಕೆಗೆ ಬರುತ್ತದೆ. ಆದರೆ ಸ್ಥಳೀಯ ಭಾಷೆಯನ್ನು ಹತ್ತರವರೆಗೆ ಓದಿರಬೇಕು ಎಂಬ ನಿಯಮವೂ ಇದೆ. ಸಂಸ್ಕೃತ ತೆಗೆದುಕೊಂಡರೂ ಕನ್ನಡ ಯಾವ ಸ್ಥಾನದಲ್ಲಿ ಉಳಿಯುತ್ತದೆ ಎಂದು ನೋಡಿಕೊಂಡೇ ಸಹಿ ಹಾಕಿ.

ಪುತ್ತೂರಿನಿಂದ

ನಮ್ಮ ಕಡೆ ಕೆಲವು ಶಾಲೆಗಳಲ್ಲಿ ತೃತೀಯ ಭಾಷೆಯಾಗಿ ತುಳು ಇದೆ. ಮಗ ಅದನ್ನೇ ತೆಗೆದುಕೊಂಡ. ಮನೆಯಲ್ಲಿ ಆಡುವ ಮಾತೇ ಪಾಠವಾದರೆ ಸಲೀಸು ಎಂದುಕೊಂಡಿದ್ದೆವು, ಅದನ್ನು ಬರೆಯಲು ಕುಳಿತಾಗ ಬೆವರಿದ! ನಿಮಗೆ ಇದು ನೇರವಾಗಿ ಉಪಯೋಗವಿಲ್ಲ. ತೃತೀಯ ಭಾಷೆ ಎಂದರೆ ಹಿಂದಿ ಒಂದೇ ಅಲ್ಲ ಎಂದು ಹೇಳಲು ಬರೆದೆ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ವಂದನೆಗಳು. ಮೀಸಲಾತಿಯ ವಿಷಯ ಓದಿ ಇವರು ಎರಡು ದಿನ ಮಾತೇ ಆಡಲಿಲ್ಲ. ಶನಿವಾರ ನಾವಿಬ್ಬರೂ ಎರಡೂ ಶಾಲೆಗಳಿಗೆ ಹೋಗಿ ಬಂದೆವು.

ಪೇಟೆಯ ಶಾಲೆ ಪುರಸಭೆಯ ವ್ಯಾಪ್ತಿಗೇ ಸೇರಿದೆ. ಬೆಳಿಗ್ಗೆ ನಮ್ಮೂರಿನಿಂದ ಹೊರಡುವುದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ, ದಿನವೂ ಟಿಕೆಟ್ ತೆಗೆಯಬೇಕು. ಸಂಜೆ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಮಳೆಗಾಲದ ಏಳು ಗಂಟೆ ನಮ್ಮಲ್ಲಿ ಹೇಗಿರುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತಕ್ಕೆ ಕಾಯಂ ಮೇಡಂ ಇದ್ದಾರೆ. ನಾವು ಹೋದಾಗ ಜಗುಲಿಯಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ವಿಜ್ಞಾನಕ್ಕೆ ಮಾತ್ರ ಹುದ್ದೆ ಖಾಲಿ. ಮನಸ್ಸು ಹೆಚ್ಚು ಕಡಿಮೆ ಅಲ್ಲಿಗೇ ವಾಲಿದೆ. ಗೆಳತಿಯೂ ಅಲ್ಲಿಗೇ ಬರುತ್ತಾಳಂತೆ, ಮಗಳ ಮಟ್ಟಿಗೆ ತೀರ್ಮಾನ ಮುಗಿದಿದೆ.

ಗಣಿತದ ಸರ್, ಒಂದು ಕೇಳಲೇ? ಹಿಂದಿಯ ಬದಲು ಅಲ್ಲಿ ಸಂಸ್ಕೃತವನ್ನು ತೃತೀಯ ಭಾಷೆಯಾಗಿ ಕೊಡಿ ಎಂದು ಕೇಳಬಹುದೇ? ಅಜ್ಜ ಹೇಳಿಕೊಟ್ಟ ಶ್ಲೋಕಗಳು ಅವಳಿಗೆ ಬರುತ್ತವೆ.

ಪ್ರೌಢಶಾಲೆಯ ಗಣಿತ ಶಿಕ್ಷಕ

ಕೇಳುವುದಕ್ಕೆ ಅಡ್ಡಿಯಿಲ್ಲ. ಆದರೆ ನಿಯಮದ ಪಟ್ಟಿಯಲ್ಲಿ ಸಂಸ್ಕೃತ ಇದ್ದ ಮಾತ್ರಕ್ಕೆ ಶಾಲೆಯಲ್ಲಿ ಸಿಗುವುದಿಲ್ಲ ತಂಗಿ, ಅದನ್ನು ಕಲಿಸುವ ಶಿಕ್ಷಕರ ಹುದ್ದೆ ಅಲ್ಲಿರಬೇಕು. ಒಂದು ಮಗುವಿಗಾಗಿ ಹುದ್ದೆ ಬರುವುದಿಲ್ಲ. ಹಿಂದಿ ಇರಲಿ, ಶ್ಲೋಕಗಳನ್ನು ಅಜ್ಜನ ಬಳಿಯೇ ಮುಂದುವರಿಸಲಿ. ನಾನಾಗಿದ್ದರೆ ವಿಜ್ಞಾನದ ಖಾಲಿ ಹುದ್ದೆಯ ಹಿಂದೆ ಬೀಳುತ್ತಿದ್ದೆ. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಐದಾರು ಪೋಷಕರು ಸೇರಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೂ ಕರೆದುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಹೋಗಿ, ಅತಿಥಿ ಶಿಕ್ಷಕರನ್ನು ಬೇಗ ಕೊಡಿ ಎಂದು ಲಿಖಿತ ಮನವಿ ಕೊಡಿ, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇನ್ನು ಆ ಎರಡು ಕಲಮಿನ ನೋಟ್‌ಬುಕ್ಕನ್ನು ಬೇಸಿಗೆ ರಜೆಯಲ್ಲೇ ಶುರುಮಾಡಿಸಿ. ಏಳನೆಯ ತರಗತಿಯ ವಿಜ್ಞಾನ ಪುಸ್ತಕ ಇನ್ನೂ ಮನೆಯಲ್ಲೇ ಇರುತ್ತದಲ್ಲ, ಅದರಿಂದಲೇ ಪದಗಳನ್ನು ಹೆಕ್ಕಲಿ.